ಸಬ್ಬಕ್ಕಿಯ ಮೊಟ್ಟೆ

ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಅವರಿಗೆ ಇಬ್ಬರು ಶಿಷ್ಯರು. ಒಬ್ಬ ಒಳ್ಳೆಯವನು. ಇನ್ನೊಬ್ಬ ನಾನು.

ಒಳ್ಳೆಯವನ ಹೆಸರು ಚಿದಂಬರ. ನನಗಿಂತ ಹತ್ತು ವರ್ಷ ದೊಡ್ಡವನು, ಹಾಗಾಗಿ ಚಿದಂಬರಣ್ಣ. ನಕ್ಕರೆ ಪುಣ್ಯ ಸೋರಿಹೋಗುತ್ತದೆ ಎಂಬಂತೆ ಸದಾ ತುಟಿ ಬಿಗಿದುಕೊಂಡೇ ಇರುತ್ತಿದ್ದ.

ನಾನು ಗೋವಿಂದ. ಎಲ್ಲರ ಬಾಯಲ್ಲಿ ಗೋಯ್ದ. ಏಳನೇ ಕ್ಲಾಸಿನಲ್ಲಿ ಶಾಲೆ ನನ್ನನ್ನು ಬಿಟ್ಟಿತು. ಹೆಡ್ಮಾಸ್ತರರ ಕುರ್ಚಿ, ಹಲಸಿನ ಹಣ್ಣಿನ ಅಂಟು. ಅಷ್ಟು ಹೇಳಿದರೆ ಸಾಕು.

ಆಶ್ರಮದ ಎದುರಿಗೇ ಹುಲ್ಲಿನ ಮಡು. ಸೊಂಟ ಮುಟ್ಟುವಷ್ಟು ಉಪ್ಪುನೀರು, ತಳದ ತುಂಬ ನೀಳ ಹುಲ್ಲು. ಅಲ್ಲಿ ಕೊಕ್ಕುಮೀನುಗಳ ವಾಸ.

ಬಂದ ಮೊದಲ ದಿನವೇ ಕೇಳಿದ್ದೆ.

"ಗುರುಗಳೇ, ಈ ಮೀನಿನ ಮೇಲಿನ ಕೊಕ್ಕು ಯಾರು ಮುರಿದದ್ದು?"

ಮೀನು ಒಂದು ಗೇಣೂ ಇರಲಿಲ್ಲ. ಕೆಳದವಡೆ ಸೂಜಿಯ ಹಾಗೆ ಮುಂದಕ್ಕೆ ಚಾಚಿತ್ತು, ತುದಿಯಲ್ಲಿ ಕುಂಕುಮ ಮುಟ್ಟಿಸಿದಷ್ಟು ಕೆಂಪು. ಮೇಲಿನ ದವಡೆ ಇದ್ದೂ ಇಲ್ಲದ ಹಾಗೆ ಗಿಡ್ಡ.

"ಯಾರೂ ಮುರಿದಿಲ್ಲ. ಅದು ಬೆಳೆಯುವುದೇ ಹಾಗೆ."

"ಹಾಗಾದರೆ ಕಚ್ಚುವುದು ಹೇಗೆ?"

"ಕೊಕ್ಕಿನಿಂದ ಕಚ್ಚುವುದಿಲ್ಲ."

"ಮತ್ತೆ ಇಷ್ಟುದ್ದ ಯಾಕೆ ಬೇಕು?"

"ನೀರನ್ನು ಮುಟ್ಟಿ ನೋಡಲಿಕ್ಕೆ. ಕತ್ತಲಾದ ಮೇಲೆ ಮುಂದೆ ಏನು ಅಲುಗಿತು ಅಂತ ಅದಕ್ಕೆ ಕೊಕ್ಕೇ ತಿಳಿಸುತ್ತದೆ. ಬಾಯಿ ಇರುವುದು ಕೊಕ್ಕಿನ ಬುಡದಲ್ಲಿ. ಬಲು ಚಿಕ್ಕದು."

"ನನಗೆ ಉಲ್ಟಾ ಗುರುಗಳೇ. ಬಾಯಿಯೇ ಮುಂದೆ."

ಗುರುಗಳು ನಕ್ಕರು. ಚಿದಂಬರಣ್ಣ ನಗಲಿಲ್ಲ.

ಆ ಮೀನು ಆಳಕ್ಕೆ ಹೋಗುವುದಿಲ್ಲ. ನೀರಿನ ಚರ್ಮದ ಕೆಳಗೇ ಇರುತ್ತದೆ. ಬೆನ್ನು ಹಸಿರು, ಮೇಲಿಂದ ನೋಡುವ ಹಕ್ಕಿಗೆ ಅದು ಬರೀ ನೀರು. ಹೊಟ್ಟೆ ಬೆಳ್ಳಿ, ಕೆಳಗಿಂದ ನೋಡುವ ದೊಡ್ಡ ಮೀನಿಗೆ ಬರೀ ಆಕಾಶ. ಹೆದರಿದರೆ ಬಾಲದ ಕೆಳಗಿನ ಗರಿಯಿಂದ ನೀರಿಗೆ ಒದ್ದು ಮೇಲಕ್ಕೆ ಹಾರುತ್ತದೆ.

ಹಗಲು ಹುಲ್ಲು ತಿನ್ನುತ್ತದೆ. ತಿಂದದ್ದನ್ನು ಇಟ್ಟುಕೊಳ್ಳಲು ಅದಕ್ಕೆ ಹೊಟ್ಟೆಯ ಚೀಲವೇ ಇಲ್ಲ, ಗಂಟಲಿನಿಂದ ಕೊನೆಯವರೆಗೆ ಒಂದೇ ನೆಟ್ಟಗಿನ ಕರುಳು.

"ಪಾಪ, ಏಕಾದಶಿ ಮಾಡಲಿಕ್ಕೂ ಬರುವುದಿಲ್ಲ ಇದಕ್ಕೆ" ಅಂದಿದ್ದೆ.

ಮೊಟ್ಟೆಗಳು ಮಾತ್ರ ವಿಶೇಷ. ಒಂದೊಂದಕ್ಕೂ ಕೂದಲಿಗಿಂತ ತೆಳ್ಳಗಿನ ಎಳೆಗಳು. ಆ ಎಳೆಗಳು ಹುಲ್ಲಿಗೆ ಸುತ್ತಿಕೊಳ್ಳುತ್ತವೆ. ಉಬ್ಬರ ಬರಲಿ, ಇಳಿತ ಬರಲಿ, ಮೊಟ್ಟೆ ಕಟ್ಟಿದಲ್ಲೇ ಇರುತ್ತದೆ.

ಮೊಟ್ಟೆ ಇರುವ ದಿನಗಳಲ್ಲಿ ಮಡುವಿಗೆ ಯಾರೂ ಬಲೆ ಹಾಕುವಂತಿಲ್ಲ. ಊರಿನವರ ಗೋರುಬಲೆ ಹುಲ್ಲನ್ನು ಬಾಚಿಕೊಂಡೇ ಬರುವಂಥದ್ದು. ಒಂದು ಸಲ ಎಳೆದರೆ ಮೊಟ್ಟೆ ಎಲ್ಲ ಸಾಫು.

ಅದಕ್ಕೆ ಮಡುವಿನ ಬಾಯಲ್ಲಿ ಒಂದು ಗಳ ನೆಟ್ಟು ತೆಂಗಿನ ಗರಿ ಕಟ್ಟುತ್ತಿದ್ದರು. ಕಟ್ಟುವುದು, ಬಿಚ್ಚುವುದು ಎರಡೂ ಆಶ್ರಮದ ಮಾತಿನ ಮೇಲೆ. ಗುರುಗಳ ಗುರುಗಳ ಕಾಲದಿಂದಲೂ ಹಾಗೇ. ಹುಲ್ಲಿಗೆ ಇಳಿದು ನೋಡುವವನು ಒಬ್ಬನೇ ಇರಬೇಕು, ಹತ್ತು ಜನ ಇಳಿದರೆ ನೋಡುವ ಕಾಲುಗಳೇ ಮೊಟ್ಟೆ ತುಳಿಯುತ್ತವೆ.

ಗುರುಗಳ ಮೊಣಕಾಲು ಕೆಟ್ಟ ಮೇಲೆ ಆ ಕೆಲಸ ಚಿದಂಬರಣ್ಣನದಾಯಿತು.

ಬೆಳಿಗ್ಗೆ ಬೆಳಿಗ್ಗೆ ಸ್ನಾನ ಮಾಡಿ, ಮಡುವಿಗೆ ಇಳಿದು, ಕೈ ಹಿಂದೆ ಕಟ್ಟಿ ಬಗ್ಗಿ ನೋಡುತ್ತಿದ್ದ. ಮುಟ್ಟುತ್ತಿರಲಿಲ್ಲ. ಮುಟ್ಟಬಾರದು ಅಂತ ನಿಯಮ. ಆಮೇಲೆ ಮೆಟ್ಟಿಲ ಮೇಲೆ ನಿಂತು ಸಾರುತ್ತಿದ್ದ.

"ಹುಲ್ಲು ತುಂಬಿದೆ!"

ದೇವಲೋಕದ ವರದಿ ಓದುವವನ ದನಿ. ನಾನು ಒಲೆಯ ಹಿಂದೆ ಕೂತು ಅದೇ ದನಿಯಲ್ಲಿ "ಹುಳಿ ಕುದಿದಿದೆ!" ಅನ್ನುತ್ತಿದ್ದೆ.

ಒಂದು ಸಲ ಹೀಗೆ ಗರಿ ಕಟ್ಟಿದ ಹತ್ತನೇ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಮಡುವಿಗೆ ಇಳಿದೆ. ಹುಲ್ಲು ಖಾಲಿಯಾಗಿತ್ತು. ನೀರಿನ ಮೇಲೆ ಹುಲ್ಲುಕಡ್ಡಿಯ ತುಂಡಿನ ಹಾಗೆ ಏನೋ ತೇಲುತ್ತಿತ್ತು. ಬೆರಳಿಟ್ಟರೆ ಓಡಿತು. ಕಡ್ಡಿ ಅಲ್ಲ, ಮರಿ.

ನಾಳೆ ಚಿದಂಬರಣ್ಣ "ಹುಲ್ಲು ಖಾಲಿ" ಅಂತ ಸಾರುತ್ತಾನೆ, ಗರಿ ಬಿಚ್ಚುತ್ತಾರೆ.

ಆಗ ನನಗೆ ಏಕಾದಶಿಯ ಸಬ್ಬಕ್ಕಿ ನೆನಪಾಯಿತು.

ಸಣ್ಣ ಸಬ್ಬಕ್ಕಿಯನ್ನು ಒಂದು ಕುದಿ ಬರಿಸಿ ಇಳಿಸಿದರೆ ಸುತ್ತ ಗಾಜಿನ ಹಾಗೆ, ನಡುವೆ ಬಿಳಿ ಚುಕ್ಕೆ. ಥೇಟು ಮೊಟ್ಟೆ. ಬಾಳೆನಾರನ್ನು ಉಗುರಿನಿಂದ ಸೀಳಿ ಸೀಳಿ ಕೂದಲಿನಷ್ಟು ಮಾಡಿದೆ. ಒಂದೊಂದೇ ಕಾಳಿಗೆ ಪೋಣಿಸಿ, ಚಿದಂಬರಣ್ಣ ನಿಂತು ನೋಡುವ ಜಾಗದಲ್ಲಿ ಹುಲ್ಲಿಗೆ ಕಟ್ಟಿದೆ.

ಅಷ್ಟು ಶ್ರದ್ಧೆಯಿಂದ ನಾನು ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಚಿದಂಬರಣ್ಣ ಬಗ್ಗಿದ. ಎದ್ದ. ಮೆಟ್ಟಿಲು ಹತ್ತಿದ.

"ಹುಲ್ಲು ತುಂಬಿದೆ!"

ನಾನು ಮಸಿಬಟ್ಟೆಯನ್ನು ಬಾಯಿಗೆ ತುರುಕಿಕೊಂಡೆ. ಸಬ್ಬಕ್ಕಿಗೆ ವರದಿ! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಒಂದೇ ದಿನ ಅಂತ ಅಂದುಕೊಂಡಿದ್ದೆ. ಆದರೆ ಅವನ ಮುಖ ನೋಡಿದ ಮೇಲೆ ಇನ್ನೊಂದು ದಿನ ಇರಲಿ ಅನ್ನಿಸಿತು. ಸಬ್ಬಕ್ಕಿ ಒಂದು ದಿನಕ್ಕೇ ಕರಗುತ್ತದೆ. ದಿನಾ ಮಧ್ಯಾಹ್ನ ಹೊಸದು ಕಟ್ಟಿದೆ.

ಮೂರನೇ ಬೆಳಿಗ್ಗೆ ಗುರುಗಳು ಕೇಳಿದರು.

"ಚಿದಂಬರಾ, ಈ ಸಲ ತಡ ಅಲ್ಲವೇ?"

"ತಡ ಗುರುಗಳೇ. ಆದರೆ ಇದೆ. ಕಣ್ಣಾರೆ ನೋಡಿದೆ."

ಗುರುಗಳು ಮೊಣಕಾಲು ಸವರಿಕೊಂಡು ಅಲ್ಲೇ ಕೂತರು.

ಅಷ್ಟರಲ್ಲಿ ಬೊಮ್ಮಕ್ಕ ಬಂದಳು. ದಂಡೆಯ ಕೇರಿಯವಳು, ಗಂಡ ಇಲ್ಲ, ದೋಣಿ ಇಲ್ಲ. ಇರುವುದು ಒಂದು ಗೋರುಬಲೆ. ಈ ಮಡುವೇ ಅವಳ ಗದ್ದೆ.

"ಅಯ್ಯಾ, ಗರಿ ಬಿಚ್ಚೂದು ಯಾವಾಗ?"

"ಇನ್ನೂ ಇದೆಯಂತೆ ಬೊಮ್ಮಕ್ಕ."

"ಹೌದಾ." ಅವಳು ಹೊರಡಲಿಲ್ಲ. "ಮಗಳು ಗುಲಾಬಿಗೆ ಹೆರಿಗೆ ಆಯ್ತಲ್ಲ. ಎಂಟು ದಿನ. ಹಾಲು ಸರಿಯಾಗಿ ಇಳೀತಾ ಇಲ್ಲ. ಕೊಕ್ಕುಮೀನಿನ ಸಾರು ಕೊಟ್ರೆ ಇಳೀತದೆ ಅಂತಾರೆ. ದೋಣಿಯವ್ರು ಬಂಗುಡೆ ಕೊಡ್ತಾರೆ, ಆದ್ರೆ ಅದು ನಂಜು. ಬಾಣಂತಿಗೆ ಆಗೂದಿಲ್ಲ."

ಚಿದಂಬರಣ್ಣ ತಲೆ ತಗ್ಗಿಸಿದ. "ಅಕ್ಕಾ, ನಿಮಗೆ ಬೇಕಾದರೆ ಒಂದೇ ಒಂದು ಸಲ..."

"ಬೇಡ ಬೇಡ." ಬೊಮ್ಮಕ್ಕ ಕೈಯಾಡಿಸಿದಳು. "ಅಲ್ಲಿ ಕಟ್ಟಿಟ್ಟು ಹೋಗಿದ್ದು ಅದೂ ಬಾಣಂತಿಯೇ ಅಲ್ವಾ. ನನ್ನ ಬಾಣಂತಿಗೋಸ್ಕರ ಅದರ ಮಕ್ಕಳನ್ನ ಬಾಚೂದಾ?"

ಹೋಗುವಾಗ ನನ್ನ ತಲೆ ಸವರಿದಳು. "ಏನೋ ತಮಾ, ಇವತ್ತು ಏನೂ ತಮಾಷೆ ಇಲ್ವಾ? ಮೋರೆ ಯಾಕೆ ಹಾಗೆ?"

ಏನೋ ಒಂದು ಹೇಳಿದೆ. ಅವಳು ನಕ್ಕಳು. ಏನು ಹೇಳಿದೆ ಅಂತ ಈಗ ನೆನಪಿಲ್ಲ. ಅವಳು ನಕ್ಕದ್ದು ನೆನಪಿದೆ.

ಆ ದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಬೈಸಿಕೊಳ್ಳಬೇಕು. ಸುಮ್ಮನೆ ಕಟ್ಟುವುದು ಬಿಟ್ಟರೆ ಸಬ್ಬಕ್ಕಿ ತಾನೇ ಕರಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹಾಗೆ ಲೆಕ್ಕ ಹಾಕಿ ಕಟ್ಟುವುದು ಬಿಟ್ಟೆ.

ಮರುದಿನವೂ ಚಿದಂಬರಣ್ಣ "ತುಂಬಿದೆ" ಅಂದ. ಅದರ ಮರುದಿನವೂ.

ಕರಗಬೇಕಿತ್ತಲ್ಲ! ಮಧ್ಯಾಹ್ನ ಮಡುವಿಗೆ ಇಳಿದು, ಉಳಿದದ್ದನ್ನು ಕಿತ್ತುಹಾಕೋಣ ಅಂತ ಒಂದು ನಾರಿಗೆ ಕೈ ಹಾಕಿ ಎಳೆದೆ.

ಬರಲಿಲ್ಲ.

ಜೋರಾಗಿ ಎಳೆದೆ. ಬೆರಳ ನಡುವೆ ಪಟ್ ಪಟ್ ಅಂತ ಏನೋ ಒಡೆಯಿತು. ಸಬ್ಬಕ್ಕಿ ಒಡೆಯುವುದಿಲ್ಲ, ಜಾರುತ್ತದೆ.

ಮುಖವನ್ನು ನೀರಿಗೆ ಮುಟ್ಟಿಸಿ ನೋಡಿದೆ. ನನ್ನ ಬಾಳೆನಾರಿನ ಮೇಲೆ ಬೇರೆ ಎಳೆಗಳು, ನನ್ನ ಉಗುರಿಗೆ ಎಂದೂ ಬಾರದಷ್ಟು ತೆಳ್ಳಗಿನವು, ಸುತ್ತಿ ಸುತ್ತಿ ಕೂತಿದ್ದವು. ಒಂದೊಂದರ ತುದಿಗೂ ಒಂದೊಂದು ಮೊಟ್ಟೆ. ಹುಲ್ಲಿನ ಮೇಲೂ ಇದ್ದವು, ಅಲ್ಲೂ ಇದ್ದವು, ಎಲ್ಲ ಕಡೆ.

ಮೀನುಗಳು ಮೊಟ್ಟೆ ಇಡಲು ಎರಡನೇ ಸಲ ಬಂದಿದ್ದವು.

ಎರಡು ಸಲದ ನಡುವೆ ಸಿಕ್ಕುವುದೇ ನಾಲ್ಕೈದು ದಿನ. ಬೊಮ್ಮಕ್ಕ ಬಲೆ ಹಾಕಬೇಕಾಗಿದ್ದ ದಿನಗಳು ಅವು. ಅವುಗಳನ್ನು ನಾನು ಸಬ್ಬಕ್ಕಿ ಕಟ್ಟಿ ತಿಂದುಹಾಕಿದ್ದೆ.

ಬೆರಳುಗಳು ಅಂಟಂಟಾಗಿದ್ದವು. ನೀರಲ್ಲಿ ಎಷ್ಟು ತೊಳೆದರೂ ಹೋಗಲಿಲ್ಲ.

ಒಂದು ತೆಂಗಿನ ಚಿಪ್ಪಿನಲ್ಲಿ ಮಡುವಿನ ನೀರು ತುಂಬಿ, ಹೊಸದಾಗಿ ಕುದಿಸಿದ ನಾಲ್ಕು ಸಬ್ಬಕ್ಕಿ ಹಾಕಿಕೊಂಡು ಗುರುಗಳ ಬಳಿ ಹೋದೆ.

"ಗುರುಗಳೇ, ಒಬ್ಬ ಶಿಷ್ಯ ಇದ್ದ ಅಂತ ಇಟ್ಟುಕೊಳ್ಳಿ."

"ಇಟ್ಟುಕೊಂಡೆ."

"ಅವನು ಏನೋ ಒಂದು ತಮಾಷೆ ಮಾಡಿದ ಅಂತ..."

"ಅವನ ಹೆಸರೇನು?"

"ಹೆಸರು... ಅಂಥದೇನೂ ಇಲ್ಲ. ಸುಮ್ಮನೆ ಒಬ್ಬ ಶಿಷ್ಯ."

"ಹೆಸರಿಲ್ಲದವನ ಕಥೆ ನನಗೆ ಬೇಡ."

ಚಿಪ್ಪನ್ನು ಮುಂದಿಟ್ಟೆ. ಗುರುಗಳು ಒಂದು ಕಾಳನ್ನು ಎತ್ತಿ, ಬೆಳಕಿಗೆ ಹಿಡಿದು, ಬಾಯಿಗೆ ಹಾಕಿಕೊಂಡರು. ನಿಧಾನ ಅಗಿದರು.

"ಉಪ್ಪು ಸರಿಯಾಗಿದೆ. ಒಗ್ಗರಣೆ ಬಿದ್ದಿಲ್ಲ."

ನನಗೆ ನಗು ಬರಬೇಕಿತ್ತು.

ಬಾಗಿಲಲ್ಲಿ ಚಿದಂಬರಣ್ಣ ನಿಂತಿದ್ದ. ಅವನೂ ಚಿಪ್ಪನ್ನು ನೋಡಿದ. ನನಗೆ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಅವನು ಗುರುಗಳ ಮುಂದೆ ಕೂತುಬಿಟ್ಟ.

"ನನಗೆ ಎರಡನೇ ದಿನವೇ ಅನುಮಾನ ಬಂದಿತ್ತು ಗುರುಗಳೇ. ಹತ್ತು ದಿನದ ಮೊಟ್ಟೆಯಲ್ಲಿ ಕಪ್ಪು ಕಣ್ಣು ಕಾಣಬೇಕು. ಕಾಣಲಿಲ್ಲ. ಆದರೆ ಖಾಲಿ ಅಂದು, ನಾಳೆ ಅದು ಮೊಟ್ಟೆಯೇ ಆಗಿದ್ದರೆ ಅಂತ ಹೆದರಿದೆ. ಮುಟ್ಟಿ ನೋಡಲಿಕ್ಕೂ ಹೆದರಿದೆ."

ಗುರುಗಳು ಅವನ ಭುಜ ಮುಟ್ಟಿದರು.

"ನಾನು ಮೊಣಕಾಲಿನ ನೆಪ ಹೇಳಿ ಇಲ್ಲೇ ಕೂತೆ. ಇಲ್ಲಿಂದ ಮಡುವಿಗೆ ನಲವತ್ತು ಹೆಜ್ಜೆ."

ಅವರಿಬ್ಬರೂ ನನ್ನ ತಪ್ಪನ್ನು ಹೀಗೆ ಹಂಚಿಕೊಳ್ಳುತ್ತಿದ್ದರೆ ನನ್ನ ಪಾಲು ಕಡಿಮೆಯಾಗಬೇಕಿತ್ತು. ಆಗಲಿಲ್ಲ.

"ಗುರುಗಳೇ, ಶಿಕ್ಷೆ ಕೊಡಿ."

"ಯಾರಿಗೆ?"

"ನನಗೆ."

"ಕೊಟ್ಟರೆ ಏನಾಗುತ್ತದೆ?"

"ಸಮ ಆಗುತ್ತದೆ."

"ಯಾರ ಮನೆಯಲ್ಲಿ?"

ಚಿಪ್ಪನ್ನು ಎತ್ತಿಕೊಂಡು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಬೊಮ್ಮಕ್ಕ ಬಂದಳು. ಈ ಸಲ ಬಲೆಯನ್ನೂ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದಳು. ಇವತ್ತಾದರೂ ಅನ್ನುವ ಆಸೆ.

"ಅಯ್ಯಾ, ಖಾಲಿಯಾಯ್ತಾ?"

ಗುರುಗಳು ನನ್ನ ಕಡೆ ತಿರುಗಿದರು.

"ಗೋಯ್ದಾ, ಅಕ್ಕ ಕೇಳುತ್ತಿದ್ದಾಳೆ."

ನಾನು ಹೇಳಿದೆ. ಸಬ್ಬಕ್ಕಿ ಅಂದೆ, ಬಾಳೆನಾರು ಅಂದೆ, ನಾನೇ ಅಂದೆ.

ಬೊಮ್ಮಕ್ಕ ಘೊಳ್ಳನೆ ನಕ್ಕಳು.

"ಹೋಗೋ! ಸಬ್ಬಕ್ಕಿ ಅಂತೆ! ಎಲ್ಲಿಂದ ಹುಟ್ತದೆ ಮಾರಾಯ ನಿನಗೆ ಇದೆಲ್ಲ?"

"ತಮಾಷೆ ಅಲ್ಲ ಅಕ್ಕಾ."

"ಮೊನ್ನೆ ನಮ್ಮ ನಾಯಿ ಮಂತ್ರ ಕಲಿತದೆ ಅಂತ್ಲೂ ಹೀಗೇ ಹೇಳಿದ್ದೆ, ಮೋರೆ ಸಣ್ಣ ಮಾಡ್ಕೊಂಡು." ಕಣ್ಣು ಒರೆಸಿಕೊಂಡಳು. "ಆಯ್ತು, ನಕ್ಕೆ. ಈಗ ಹೇಳು, ಖಾಲಿಯಾ?"

ಸುಳ್ಳು ಹೇಳಿ ನಂಬಿಸುವುದು ನನಗೆ ನೀರು ಕುಡಿದ ಹಾಗೆ. ನಿಜ ಹೇಳಿ ನಂಬಿಸುವುದು ಹೇಗೆ ಅಂತ ಗೊತ್ತಿರಲಿಲ್ಲ. ಚಿಪ್ಪು ತಂದು ತೋರಿಸಿದೆ. ಅವಳು ಬೆರಳಿಂದ ಒಂದು ಕಾಳನ್ನು ಒತ್ತಿದಳು. ಅದು ಜಾರಿತು. ಇನ್ನೊಂದನ್ನು ಒತ್ತಿದಳು.

ನಗು ಒಮ್ಮೆಗೇ ನಿಲ್ಲಲಿಲ್ಲ. ಮೊದಲು ಕಣ್ಣಿಂದ ಹೋಯಿತು. ಬಾಯಲ್ಲಿ ಸ್ವಲ್ಪ ಹೊತ್ತು ಉಳಿದುಕೊಂಡಿತ್ತು, ಎಲ್ಲಿ ಹೋಗಬೇಕು ಅಂತ ತಿಳಿಯದ ಹಾಗೆ.

"ಎಷ್ಟು ದಿನ?"

"ಮೂರು ದಿನ ಕಟ್ಟಿದೆ. ಆಮೇಲೆ ಹೇಳಲಿಲ್ಲ."

ಅವಳು ಬೈಯಲಿಲ್ಲ. ಬಲೆಯನ್ನು ಹೆಗಲಿಂದ ಇಳಿಸಿ ಕೈಗೆ ತೆಗೆದುಕೊಂಡಳು.

"ಸರಿ. ಸಬ್ಬಕ್ಕಿ ತಾನೇ. ಹಾಗಾದ್ರೆ ಈಗ ಬಲೆ ಹಾಕ್ತೆ."

"ಬೇಡ ಅಕ್ಕಾ. ಈಗ ಇರುವುದು ನಿಜದ್ದು. ಮತ್ತೆ ಬಂದು ಕಟ್ಟಿವೆ."

ಬೊಮ್ಮಕ್ಕ ನನ್ನನ್ನು ನೋಡಿದಳು.

"ನಿಜದ್ದು ಅಂತ ಹೇಳಿದ್ದು ಯಾರು?"

"ನಾನು."

ಆ ಎರಡಕ್ಷರ ನನ್ನ ಬಾಯಲ್ಲಿ ಅಷ್ಟು ಕೊಳಕಾಗಿ ಕೇಳಿಸಿದ್ದು ಅದೇ ಮೊದಲು.

ಚಿದಂಬರಣ್ಣ ಬಾಯಿ ತೆರೆದ, ಮತ್ತೆ ಮುಚ್ಚಿದ. ಅವನ ಮಾತಿಗೂ ಈಗ ಬೆಲೆ ಇರಲಿಲ್ಲ. ಅದನ್ನೂ ಕಳೆದವನು ನಾನೇ.

ಬೊಮ್ಮಕ್ಕ ಸೀದಾ ಮಡುವಿಗೆ ಹೋದಳು. ಗರಿ ಕಟ್ಟಿದ ಗಳವನ್ನು ದಾಟಿದಳು. ಆ ಗಳವನ್ನು ದಾಟಿ ಅವಳು ಒಳಗೆ ಹೋದದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವಳ ಕಾಲ ಕೆಳಗೆ ಹುಲ್ಲು ಬಾಗುವುದು ದಂಡೆಯಿಂದಲೇ ಕಾಣುತ್ತಿತ್ತು. ಕೊಕ್ಕುಮೀನುಗಳು ಹೆದರಿ ನೀರಿನಿಂದ ಮೇಲಕ್ಕೆ ಚಿಮ್ಮಿ ದೂರ ಬಿದ್ದವು.

ಅವಳು ಬಗ್ಗಿದಳು. ಹುಲ್ಲನ್ನು ಕೈಯಲ್ಲಿ ಹಿಡಿದು ಮುಟ್ಟಿ ನೋಡಿದಳು. ಇನ್ನೊಂದು ಕಡೆ ಹೋಗಿ ನೋಡಿದಳು.

ಬಲೆ ಎತ್ತಿದಳು.

ನಾನು ದಂಡೆಯ ಅಂಚಿಗೆ ಓಡಿದೆ.

ಎತ್ತಿದ ಬಲೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಅದರ ಒಂದು ಎಳೆಯೂ ಹುಲ್ಲಿಗೆ ತಾಗದ ಹಾಗೆ, ಬಂದ ದಾರಿಯಲ್ಲೇ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೊರಗೆ ಬಂದಳು. ಬಲೆ ಒಣಗಿಯೇ ಇತ್ತು.

"ಅಯ್ಯಾ, ಇನ್ನು ಮುಂದೆ ನಾನೇ ನೋಡ್ಕೋತೆ" ಅಂದಳು ಗುರುಗಳಿಗೆ. "ತಪ್ಪು ತಿಳೀಬೇಡಿ."

"ಸರಿಯಾಗಿಯೇ ತಿಳಿದಿದ್ದೇನೆ ಬೊಮ್ಮಕ್ಕ" ಅಂದರು ಗುರುಗಳು.

ಅವಳು ಕೇರಿಯ ಕಡೆ ಹೊರಟಳು. ಗುರುಗಳು ನನ್ನನ್ನು ನೋಡಿದರು.

"ಆಚೆ ದಂಡೆಯ ತೊರೆಯಲ್ಲಿ ಗರಿ ಕಟ್ಟಿಲ್ಲ. ಅಲ್ಲೂ ಕೊಕ್ಕುಮೀನು ಸಿಗುತ್ತದೆ."

"ಅಲ್ಲಿಗೆ ಹೋಗಿ ಬರಲಿಕ್ಕೆ ಅರ್ಧ ದಿನ ಬೇಕು ಗುರುಗಳೇ. ಬಾಣಂತಿಯನ್ನೂ ಕೂಸನ್ನೂ ಬಿಟ್ಟು ಅವಳು ಹೇಗೆ ಹೋಗುತ್ತಾಳೆ?"

ಕೇಳಿದ ಮೇಲೆ ಹೊಳೆಯಿತು, ಆ ಅರ್ಧ ದಿನ ಅವಳ ಮನೆ ನಾನು ಕಾಯಬಹುದು.

ನಾನು ಕೇರಿಯ ಕಡೆ ಓಡಿದೆ.

ಬೊಮ್ಮಕ್ಕ ನನ್ನನ್ನು ಒಳಗೆ ಬಿಡಲಿಲ್ಲ. "ಜಗಲಿ ಮೇಲೆ ಕೂರು. ನೀರು ತಂದಿಡು, ಕಟ್ಟಿಗೆ ಒಡೆದಿಡು. ಅವಳು ಕರೆದ್ರೆ ಆಚೆಮನೆ ಅತ್ತೆಯನ್ನ ಕೂಗು. ನೀ ಒಳಗೆ ಹೋಗ್ಬೇಡ." ಅಷ್ಟು ಹೇಳಿ ಬಲೆ ತಗೊಂಡು ತೊರೆಯ ಕಡೆ ಹೋದಳು.

ಒಳಗೆ ಕೂಸು ಅಳುತ್ತಿತ್ತು. ಹಸಿದ ಕೂಸಿನ ಅಳು ಜೋರಾಗಿ ಇರುತ್ತದೆ ಅಂದುಕೊಂಡಿದ್ದೆ. ಅದು ಜೋರಾಗಿರಲಿಲ್ಲ. ಅದೇ ಕೇಳಲಾಗಲಿಲ್ಲ.

ಗೋಡೆಯ ಆಚೆಯಿಂದ ಗುಲಾಬಿಯ ದನಿ ಬಂತು.

"ಹೊರಗೆ ಯಾರು, ಗೋಯ್ದನಾ?"

"ಹೌದು ಅಕ್ಕಾ."

"ಬಂದದ್ದು ಒಳ್ಳೇದಾಯ್ತು ಮಾರಾಯ. ಹಾಸಿಗೆ ಹಿಡಿದು ಬೇಜಾರು ಬಂದದೆ. ಏನಾದ್ರೂ ತಮಾಷೆ ಹೇಳೋ."

ಅವಳ ಅವ್ವಿ ಅವಳಿಗೆ ಏನೂ ಹೇಳಿರಲಿಲ್ಲ.

"ಇಲ್ಲ ಅಕ್ಕಾ, ಒಂದೂ ನೆನಪಿಲ್ಲ."

"ನಿನಗಾ? ಸುಳ್ಳು."

ಕಟ್ಟಿಗೆ ಒಡೆದೆ. ನೀರು ತಂದೆ. ಮತ್ತೆ ಬಂದು ಕೂತೆ. ಕೂಸು ಅತ್ತು ಅತ್ತು ಮಲಗಿತು. ಆಗ ಗೋಡೆಗೆ ಮುಖ ಮಾಡಿ ಎಲ್ಲ ಹೇಳಿದೆ. ಗೋಡೆಗೆ ಹೇಳುವುದು ಸುಲಭ ಅಂದುಕೊಂಡಿದ್ದೆ.

"ಸಬ್ಬಕ್ಕಿಯಾ?" ಅಂದಳು ಗುಲಾಬಿ. ಆಮೇಲೆ ನಗತೊಡಗಿದಳು. "ಅಯ್ಯೋ, ನಗಿಸ್ಬೇಡ್ವೋ, ಹೊಲಿಗೆ ನೋಯ್ತದೆ... ಚಿದಂಬರಣ್ಣ ಸಬ್ಬಕ್ಕಿಗೆ..."

ನಗು ನಿಂತಿತು.

"ಅವ್ವಿ ಹತ್ರ ಜಗಳ ಆಡಿದ್ದೆ ನಾನು" ಅಂದಳು. "ನಿನಗೆ ಮಗಳಿಗಿಂತ ಮೀನೇ ಹೆಚ್ಚಾಯ್ತಾ ಅಂತ ಕೇಳಿದ್ದೆ. ಆ ದಿನ ಅವ್ವಿ ಊಟ ಮಾಡ್ಲಿಲ್ಲ."

ನಾನು ಮಾಡಿದ ಕೆಲಸ ಮಡುವಿನಲ್ಲೇ ಇದೆ ಅಂದುಕೊಂಡಿದ್ದೆ. ಅದು ಈ ಮನೆಯ ಒಳಗೆ, ತಟ್ಟೆಯ ಮುಂದೆ ಕೂಡ ಬಂದು ಕೂತಿತ್ತು.

"ಅಕ್ಕಾ..."

"ಈಗ ಮಾತಾಡ್ಬೇಡ. ಕೂಸು ಏಳ್ತದೆ."

ಸಂಜೆ ಬೊಮ್ಮಕ್ಕ ಬಂದಳು. ಸೊಂಟದವರೆಗೆ ಕೆಸರು. ಬುಟ್ಟಿಯಲ್ಲಿ ಆರು ಕೊಕ್ಕುಮೀನು. ತುದಿಯ ಕೆಂಪು ಆಗಲೇ ಮಾಸಿತ್ತು. ನನ್ನನ್ನು ನೋಡದೆ ಒಳಗೆ ಹೋದಳು.

ದಿನಾ ಹೋದೆ. ಬೊಮ್ಮಕ್ಕ ಮಾತಾಡುತ್ತಿರಲಿಲ್ಲ. ಗುಲಾಬಿ ಒಂದೆರಡು ಮಾತಾಡುತ್ತಿದ್ದಳು, ತಮಾಷೆ ಮಾತ್ರ ಕೇಳುತ್ತಿರಲಿಲ್ಲ. ಕೇರಿಯ ಹುಡುಗರು ನನ್ನನ್ನು ಕಂಡರೆ "ಹುಲ್ಲು ತುಂಬಿದೆ!" ಅಂತ ಚಿದಂಬರಣ್ಣನ ದನಿಯಲ್ಲಿ ಕೂಗುತ್ತಿದ್ದರು. ಚೆನ್ನಾಗಿಯೇ ಕೂಗುತ್ತಿದ್ದರು. ಅವರಿಗೆ ಆ ದನಿ ಕಲಿಸಿದವನು ನಾನೇ.

ಐದನೆಯ ದಿನ ಕೂಸು ಅಳಲಿಲ್ಲ. ಏನಾಯಿತೋ ಅಂತ ಹೆದರಿ ಎದ್ದು ನಿಂತೆ. ಗೋಡೆಯಾಚೆಯಿಂದ ಚಪ್ ಚಪ್ ಅಂತ ಸದ್ದು ಕೇಳಿಸಿತು. ನಡುವೆ ಒಮ್ಮೆ ಉಸಿರು ಎಳೆದುಕೊಂಡು ಮತ್ತೆ ಅದೇ ಸದ್ದು.

ಕೂತೆ. ಮೊಣಕಾಲ ಮೇಲೆ ತಲೆ ಇಟ್ಟುಕೊಂಡೆ. ಜಗಲಿಯ ಮೇಲೆ ಯಾರೂ ಇರಲಿಲ್ಲ, ಆದರೂ ಮುಖ ಮುಚ್ಚಿಕೊಂಡೆ.

ಬೆಳಿಗ್ಗೆ ಹೊತ್ತು ನಾನೂ ಚಿದಂಬರಣ್ಣನೂ ಮಡುವಿಗೆ ಹೋಗುತ್ತಿದ್ದೆವು. ಅವನು ಕೇಳಿದ್ದ, "ಬರುತ್ತೀಯಾ?" ಅಂತ. ಅಷ್ಟೇ. ಅವನು ನೀರಿಗೆ ಇಳಿಯುತ್ತಿದ್ದ. ನಾನು ದಂಡೆಯ ಕಲ್ಲಿನ ಮೇಲೆ ಮಲಗಿ, ಅಂಚಿನ ಹುಲ್ಲನ್ನು ನೋಡುತ್ತಿದ್ದೆ.

ಮೊಟ್ಟೆಯೊಳಗೆ ಮೊದಲು ಒಂದು ಮಸುಕು ಗೆರೆ. ಆಮೇಲೆ ಎರಡು ಕಪ್ಪು ಚುಕ್ಕೆ, ಅವು ಕಣ್ಣು. ಆಮೇಲೆ ಆ ಕಣ್ಣುಗಳು ಒಳಗೇ ತಿರುಗುತ್ತಿದ್ದವು. ನನ್ನ ಬಾಳೆನಾರು ಕಪ್ಪಾಗಿ ಕೊಳೆಯತೊಡಗಿತ್ತು. ಅದರ ಮೇಲೆ ಕಟ್ಟಿದ ಮೊಟ್ಟೆಗಳು ಯಾವಾಗ ಕಳಚಿ ಬೀಳುತ್ತವೋ ಅಂತ ದಿನಾ ಜೀವ ಕೈಯಲ್ಲಿ ಹಿಡಿದು ನೋಡಿದೆ. ಎಂಟನೇ ದಿನ ಒಂದು ನಾರು ಕಡಿದೇ ಹೋಯಿತು. ಹದಿನೈದಿಪ್ಪತ್ತು ಮೊಟ್ಟೆ ಇಳಿತದ ನೀರಿನ ಜೊತೆ ಹೋದವು. ನೀರಿಗೆ ಹಾರಿ ಕೈ ಚಾಚಿದೆ. ಸಿಗಲಿಲ್ಲ.

ಚಿದಂಬರಣ್ಣ ನನ್ನನ್ನು ಹಿಡಿದು ಮೇಲಕ್ಕೆ ಎಳೆದ.

"ಉಳಿದದ್ದರ ಮೇಲೆ ಕಾಲಿಡಬೇಡ" ಅಂದ, ಮೆಲ್ಲಗೆ.

ಹನ್ನೊಂದನೇ ಬೆಳಿಗ್ಗೆ ಹುಲ್ಲು ಖಾಲಿಯಾಗಿತ್ತು.

ಒಮ್ಮೆ ನೋಡಿದೆ. ಚಿದಂಬರಣ್ಣ ನೋಡಿದ. ನೀರಿನ ಮೇಲೆ ಹುಲ್ಲುತುಂಡುಗಳ ಹಾಗೆ ಮರಿಗಳು ತೇಲುತ್ತಿದ್ದವು. ಯಾವುದಕ್ಕೂ ಇನ್ನೂ ಕೊಕ್ಕು ಉದ್ದವಾಗಿರಲಿಲ್ಲ.

ಮೆಟ್ಟಿಲು ಹತ್ತಿ ಚಿದಂಬರಣ್ಣ ಸಾರಲಿಲ್ಲ. ನನ್ನನ್ನು ನೋಡಿದ. ನಾನು ಗುರುಗಳ ಬಳಿ ಹೋದೆ.

"ಹುಲ್ಲು ಖಾಲಿಯಾಗಿದೆ ಗುರುಗಳೇ."

"ಅದನ್ನು ನನಗೆ ಯಾಕೆ ಹೇಳುತ್ತೀ? ನಾನು ಬಲೆ ಹಾಕುತ್ತೇನೆಯೇ?"

"ಬೊಮ್ಮಕ್ಕ ನನ್ನ ಮಾತು ನಂಬುವುದಿಲ್ಲ."

"ನಂಬು ಅಂತ ಹೇಳಬೇಡ. ಖಾಲಿ ಅಂತ ಹೇಳು."

ಹೋಗಿ ಹೇಳಿದೆ. ಬೊಮ್ಮಕ್ಕ ಅಂಗಳ ಗುಡಿಸುತ್ತಿದ್ದಳು. ಹಿಡಿಸುಡಿ ನಿಲ್ಲಲಿಲ್ಲ. ಗುಡಿಸಿ ಮುಗಿಸಿ, ಕೈ ತೊಳೆದು, ಬಲೆ ತಗೊಂಡು ಹೊರಟಳು. ನಾನು ದೂರದಲ್ಲಿ ಹಿಂದೆ ಹಿಂದೆ ಹೋದೆ.

ಮಡುವಿನ ಬಾಯಲ್ಲಿ ಬಲೆಯನ್ನು ಗಳಕ್ಕೆ ಸಿಕ್ಕಿಸಿ, ಒಬ್ಬಳೇ ನೀರಿಗೆ ಇಳಿದಳು. ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದಳು. ಹುಲ್ಲಿನ ಬುಡ ಬಿಡಿಸಿ ಬಿಡಿಸಿ ನೋಡಿದಳು. ಬಿಸಿಲು ಏರಿತು. ಆಮೇಲೆ ಹೊರಗೆ ಬಂದು ಗರಿ ಬಿಚ್ಚಿ, ಬಲೆ ಹಾಕಿದಳು.

ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಶ್ರಮಕ್ಕೆ ಬಂದಾಗ ಗುರುಗಳು ಜಗಲಿಯಲ್ಲಿ ಇರಲಿಲ್ಲ. ಮಡುವಿನ ಮೆಟ್ಟಿಲ ಹತ್ತಿರ ಇದ್ದರು. ಕೋಲು ಊರಿಕೊಂಡು, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಆ ನಲವತ್ತು ಹೆಜ್ಜೆ ನಡೆದುಬಂದಿದ್ದರು.

"ಹೇಳಿದೆಯಾ?"

"ಹೇಳಿದೆ."

"ಏನಂದಳು?"

"ಏನೂ ಇಲ್ಲ. ತಾನೇ ಇಳಿದು ನೋಡಿದಳು."

"ಎಷ್ಟು ಹೊತ್ತು?"

"ಬಹಳ ಹೊತ್ತು ಗುರುಗಳೇ. ನನ್ನ ಎದುರಿಗೇ. ನನಗೆ ಅಲ್ಲೇ ಮುಳುಗಿ ಹೋಗಬೇಕು ಅನ್ನಿಸಿತು."

"ಮುಳುಗಲಿಲ್ಲವಲ್ಲ. ಒಳ್ಳೆಯದು. ಮುಂದಿನ ಸಲವೂ ಹೋಗಿ ಹೇಳು."

"ಮುಂದಿನ ಸಲವೂ ಹೀಗೇ ನೋಡುತ್ತಾಳೆ."

"ನೋಡಲಿ. ಆಗಲೂ ಹೇಳು."

"ಎಲ್ಲಿಯ ತನಕ ಗುರುಗಳೇ?"

ಗುರುಗಳು ಕೋಲನ್ನು ಮೆಟ್ಟಿಲ ಮೇಲೆ ಮಲಗಿಸಿ, ನನ್ನ ಭುಜ ಹಿಡಿದು, ನೋಯುವ ಕಾಲನ್ನು ನಿಧಾನ ನೀರಿಗೆ ಇಳಿಸಿದರು.

"ಅವಳು ನೋಡದೆ ಬಲೆ ಹಾಕುವ ದಿನ ಒಂದು ಬರುತ್ತದೆ. ಆ ದಿನ ನೀನು ಎರಡು ಸಲ ನೋಡು."